ಲಾರಿ ಗೇಟು ದಾಟಬೇಕು: ವೆಂಡರ್ ಶೆಡ್ಡುಗಳಲ್ಲಿ ಸಿಗುವ ಐಟಿ ಕೆಲಸ

ಊರಿನ ಪಕ್ಕ ದೊಡ್ಡದೊಂದು ಕಾರ್ಖಾನೆ ಬಂದರೆ, ಅಲ್ಲಿನ ಸಣ್ಣ ಐಟಿ ಉದ್ಯಮಿಗಳು ಮೊದಲು ಮಾಡುವ ಕೆಲಸ ಆ ಕಂಪನಿಯ ಐಟಿ ವಿಭಾಗಕ್ಕೊಂದು ಪರಿಚಯ ಪತ್ರ ಕಳಿಸುವುದು. ಉತ್ತರ ಬರುವುದಿಲ್ಲ. ಬರಲು ಕಾರಣವೂ ಇಲ್ಲ. ಅಂಥ ಕಂಪನಿಯ ಸರ್ವರ್, ನೆಟ್‌ವರ್ಕ್, ಸ್ಯಾಪ್ ಎಲ್ಲವೂ ಮುಖ್ಯ ಕಚೇರಿಯಲ್ಲಿ, ಎಷ್ಟೋ ಸಲ ಬೇರೆ ದೇಶದಲ್ಲೇ, ಹೆಸರಾಂತ ಸಾಫ್ಟ್‌ವೇರ್ ಸಂಸ್ಥೆಗಳ ಜೊತೆ ವರ್ಷಗಟ್ಟಲೆಯ ಒಪ್ಪಂದದಲ್ಲಿ ತೀರ್ಮಾನವಾಗಿರುತ್ತವೆ. ಹತ್ತು ಜನರ ಸಂಸ್ಥೆಗೆ ಅಲ್ಲಿ ಸಿಗುವುದು ಹೆಚ್ಚೆಂದರೆ ಸಿಸಿಟಿವಿ ಕೇಬಲ್ ಎಳೆಯುವ ಕೆಲಸ.

ನಿಜವಾದ ಕೆಲಸ ಇರುವುದು ಗೇಟಿನ ಹೊರಗೆ, ಆ ಗೇಟಿಗೆ ದಿನಾ ಮಾಲು ಕಳಿಸುವ ಶೆಡ್ಡುಗಳಲ್ಲಿ. ದೊಡ್ಡ ಕಂಪನಿ ತನ್ನ ವೆಂಡರ್‌ಗಳಿಂದ ಬರೀ ಬಿಡಿಭಾಗ ಕೇಳುವುದಿಲ್ಲ. ಬಿಡಿಭಾಗದ ಜೊತೆ ಮಾಹಿತಿಯನ್ನೂ ಕೇಳುತ್ತದೆ, ಅದೂ ತಾನು ಹೇಳಿದ ರೂಪದಲ್ಲಿ, ತಾನು ಹೇಳಿದ ಹೊತ್ತಿಗೆ. ಬಿಡಿಭಾಗ ಮಾಡುವುದರಲ್ಲಿ ಆ ಸಣ್ಣ ಘಟಕ ಪಳಗಿದ ಕೈ. ಮಾಹಿತಿ ಕೊಡುವುದರಲ್ಲಿ ತಡವರಿಸುತ್ತದೆ. ಆ ತಡವರಿಕೆಯೇ ನಿಮ್ಮ ಮಾರುಕಟ್ಟೆ.

ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯನ್ನೇ ತೆಗೆದುಕೊಳ್ಳಿ. 1999ರ ಕೊನೆಯಲ್ಲಿ ಅಲ್ಲಿ ಉತ್ಪಾದನೆ ಶುರುವಾದಾಗ ಜೊತೆಗೆ ಬಂದದ್ದು ಟೊಯೋಟಾ ಜಗತ್ತಿಗೆಲ್ಲ ಕಲಿಸಿದ ಪದ್ಧತಿ: ಗೋದಾಮಿನಲ್ಲಿ ತಿಂಗಳ ಮಾಲು ಪೇರಿಸಿಡಬೇಡ, ಬೇಕಾದಾಗ ಬೇಕಾದಷ್ಟೇ ತರಿಸಿಕೋ. ಈ ಪದ್ಧತಿ ನಡೆಯಬೇಕಾದರೆ ಮಾಲು ಗೇಟಿಗೆ ಬರುವ ಮೊದಲೇ ಅದರ ವಿವರ ಬಂದಿರಬೇಕು. ಇವತ್ತು ನರಸಾಪುರದ ಹೋಂಡಾ ಸ್ಕೂಟರ್ ಕಾರ್ಖಾನೆಯಿರಲಿ, ಧಾರವಾಡದ ಟಾಟಾ ಘಟಕಗಳಿರಲಿ, ಹೊಸಕೋಟೆಯ ವೋಲ್ವೊ ಇರಲಿ, ಈ ಬಗೆಯ ಉದ್ಯಮವೆಲ್ಲ ನಡೆಯುವುದೇ ಈ ಲೆಕ್ಕದ ಮೇಲೆ. ಇಂಥ ಕಂಪನಿಗೆ ನೇರವಾಗಿ ಮಾಲು ಕೊಡುವವರು ಮೊದಲ ಸಾಲಿನ ವೆಂಡರ್‌ಗಳು. ಅವರಲ್ಲಿ ಬಹಳ ಮಂದಿಗೆ ಸ್ವಂತ ಐಟಿ ವಿಭಾಗ ಇರುತ್ತದೆ. ಅವರಿಗೆ ಮಾಲು ಕೊಡುವ ಎರಡನೇ ಸಾಲು, ಆ ಎರಡನೇ ಸಾಲಿಗೆ ಲೇತ್ ಕೆಲಸ, ಪ್ಲೇಟಿಂಗ್, ಹೀಟ್ ಟ್ರೀಟ್‌ಮೆಂಟ್ ಮಾಡಿಕೊಡುವ ಮೂರನೇ ಸಾಲು ಪೀಣ್ಯದಲ್ಲಿ, ಬೆಳಗಾವಿಯ ಉದ್ಯಮಬಾಗದಲ್ಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ, ಶಿವಮೊಗ್ಗದ ಮಾಚೇನಹಳ್ಳಿಯಲ್ಲಿ ಹರಡಿಕೊಂಡಿದೆ. ಅಲ್ಲಿ ಐಟಿ ವಿಭಾಗ ಎಂದರೆ ಅಕೌಂಟ್ಸ್ ನೋಡುವ ಒಬ್ಬರು, ಒಂದು ಟ್ಯಾಲಿ ಲೈಸೆನ್ಸ್, ಜೊತೆಗೆ ಏನಾದರೂ ಕೆಟ್ಟರೆ ಫೋನ್ ಮಾಡಿ ಕರೆಸುವ ಪರಿಚಯದ ಹುಡುಗ.

ಟ್ಯಾಲಿಯ ಹೆಸರು ಬಂದದ್ದರಿಂದ ಒಂದು ಮಾತು. ಬೆಂಗಳೂರಿನ ಈ ಸಾಫ್ಟ್‌ವೇರ್ ಹುಟ್ಟಿದ್ದೂ ಒಬ್ಬ ಪೂರೈಕೆದಾರರ ಕಷ್ಟದಿಂದಲೇ. ಶ್ಯಾಮ್ ಸುಂದರ್ ಗೋಯೆಂಕಾ ಅವರು ಕಾರ್ಖಾನೆಗಳಿಗೆ, ಬಟ್ಟೆ ಗಿರಣಿಗಳಿಗೆ ಕಚ್ಚಾ ಸಾಮಗ್ರಿ, ಯಂತ್ರದ ಬಿಡಿಭಾಗ ಒದಗಿಸುತ್ತಿದ್ದ ವ್ಯಾಪಾರಿ. ತಮ್ಮ ಲೆಕ್ಕ ಇಡಲು ಸರಿಯಾದ ಸಾಫ್ಟ್‌ವೇರ್ ಸಿಗದೆ, ಗಣಿತ ಓದಿದ್ದ ಮಗ ಭರತ್ ಅವರಿಗೆ ಒಂದನ್ನು ಬರೆದುಕೊಡಲು ಹೇಳಿದರು. 1986ರಲ್ಲಿ ಕಂಪನಿಯಾಯಿತು. ಮುಂದೆ ಭರತ್ ಗೋಯೆಂಕಾ ಅವರಿಗೆ ಪದ್ಮಶ್ರೀ ಬಂತು. ನಿಮಗೂ ಅಷ್ಟೆಲ್ಲ ಆಗುತ್ತದೆ ಎಂದು ಹೇಳುತ್ತಿಲ್ಲ. ಆದರೆ ಆ ಸಾಫ್ಟ್‌ವೇರಿಗೆ ಮೊದಲು ಸಿಕ್ಕ ಗಿರಾಕಿ ಗಿರಣಿಯಲ್ಲ, ಗಿರಣಿಗೆ ಮಾಲು ಕೊಡುತ್ತಿದ್ದವರು ಎಂಬುದನ್ನು ಗಮನಿಸಿ.

ಒಂದು ಲಾರಿಯ ಹಿಂದೆ

ಅವಕಾಶ ಎಲ್ಲೆಲ್ಲಿದೆ ಎಂದು ತಿಳಿಯಲು ಸುಲಭದ ದಾರಿ, ಒಂದು ಲೋಡು ಮಾಲು ಶೆಡ್ಡಿನಿಂದ ಹೊರಟು ದುಡ್ಡಾಗಿ ವಾಪಸು ಬರುವವರೆಗೆ ಅದರ ಹಿಂದೆ ಹೋಗುವುದು.

ಮೊದಲು ಬರುವುದು ಆರ್ಡರ್. ದೊಡ್ಡ ಕಂಪನಿ ವರ್ಷಕ್ಕೊಂದು ಪಿಒ, ಅಂದರೆ ಖರೀದಿ ಆದೇಶ, ಕೊಟ್ಟು, ಆಮೇಲೆ ವಾರಕ್ಕೋ ದಿನಕ್ಕೋ ಶೆಡ್ಯೂಲ್ ಬದಲಾಯಿಸುತ್ತಾ ಹೋಗುತ್ತದೆ. ಅದು ವೆಂಡರ್ ಪೋರ್ಟಲ್‌ನಲ್ಲಿ ಕಾಣುತ್ತದೆ, ಕೆಲವರಲ್ಲಿ ಇಮೇಲ್‌ಗೆ ಎಕ್ಸೆಲ್ ಬರುತ್ತದೆ. ಘಟಕದಲ್ಲಿ ಯಾರಾದರೂ ಅದನ್ನು ನೋಡಿ, ಪ್ರಿಂಟ್ ತೆಗೆದು, ಸೂಪರ್‌ವೈಸರ್ ಕೈಗೆ ಕೊಡುತ್ತಾರೆ. ಬೆಳಿಗ್ಗೆ ತೆಗೆದ ಪ್ರಿಂಟು ಮಧ್ಯಾಹ್ನಕ್ಕೆ ಹಳತಾಗಿರುತ್ತದೆ. ಶೆಡ್ಯೂಲ್ ಬದಲಾದ ಕೂಡಲೇ ಯಾವ ಬಿಡಿಭಾಗ, ಎಷ್ಟು ಹೆಚ್ಚು ಕಡಿಮೆ ಆಯಿತು ಎಂದು ಸೂಪರ್‌ವೈಸರ್‌ನ ವಾಟ್ಸ್‌ಆ್ಯಪ್‌ಗೆ ಹೇಳುವ ಸಣ್ಣದೊಂದು ಪ್ರೋಗ್ರಾಂ ಬರೆದುಕೊಟ್ಟರೆ ಅದಕ್ಕೆ ದುಡ್ಡು ಕೊಡುವ ಮಾಲೀಕರಿದ್ದಾರೆ. ಇದು ದೊಡ್ಡ ತಂತ್ರಜ್ಞಾನವೇನಲ್ಲ. ಎರಡು ಎಕ್ಸೆಲ್ ಹೋಲಿಸುವ ಕೆಲಸ.

ಮಾಲು ತಯಾರಾಯಿತು. ಈಗ ಡಿಸ್ಪ್ಯಾಚ್. ಇಲ್ಲೇ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಸಣ್ಣ ಘಟಕದ ಅರ್ಧ ತಲೆನೋವು ಇರುವುದು ಸಂಜೆ ನಾಲ್ಕರಿಂದ ಏಳರವರೆಗೆ ಆ ಡಿಸ್ಪ್ಯಾಚ್ ಮೇಜಿನ ಮೇಲೆ. ಒಂದೇ ವಿವರವನ್ನು ಅಲ್ಲಿ ನಾಲ್ಕೈದು ಕಡೆ ಟೈಪ್ ಮಾಡುತ್ತಾರೆ. ಟ್ಯಾಲಿಯಲ್ಲಿ ಬಿಲ್. ವಹಿವಾಟು 5 ಕೋಟಿ ದಾಟಿದ್ದರೆ ಇ-ಇನ್‌ವಾಯ್ಸ್. ಮಾಲಿನ ಮೌಲ್ಯ 50 ಸಾವಿರ ದಾಟಿದರೆ ಇ-ವೇ ಬಿಲ್. ಗಿರಾಕಿಯ ಪೋರ್ಟಲ್‌ನಲ್ಲಿ ಎಎಸ್‌ಎನ್, ಅಂದರೆ ಇಂಥ ಮಾಲು ಇಷ್ಟು ಹೊರಟಿದೆ ಎಂಬ ಮುಂಗಡ ಸೂಚನೆ. ಕೊನೆಗೆ ಪ್ರತಿ ಪೆಟ್ಟಿಗೆಗೂ ಬಾರ್‌ಕೋಡ್ ಅಥವಾ ಕ್ಯೂಆರ್ ಲೇಬಲ್. ಐದು ಕಡೆ ಟೈಪ್ ಮಾಡಿದರೆ ಒಂದು ಕಡೆಯಾದರೂ ತಪ್ಪುತ್ತದೆ. ಬಿಲ್ಲಿನಲ್ಲಿ 480, ಎಎಸ್‌ಎನ್‌ನಲ್ಲಿ 840. ಪಿಒದ ಮೂರನೇ ಸಾಲಿನ ಬಿಡಿಭಾಗಕ್ಕೆ ಎರಡನೇ ಸಾಲಿನ ಸಂಖ್ಯೆ. ಮಾಲಿನಲ್ಲಿ ಕೂದಲೆಳೆಯ ದೋಷವಿಲ್ಲದಿದ್ದರೂ ಲಾರಿ ಗೇಟಿನ ಹೊರಗೆ ನಿಲ್ಲುತ್ತದೆ.

ಇದರಲ್ಲಿ ಸರ್ಕಾರದ ಪಾಲು ದೊಡ್ಡದು. ಇ-ಇನ್‌ವಾಯ್ಸ್ 2020ರ ಅಕ್ಟೋಬರ್‌ನಲ್ಲಿ 500 ಕೋಟಿ ವಹಿವಾಟಿನವರಿಗೆ ಕಡ್ಡಾಯವಾಯಿತು. ಆಮೇಲೆ 100, 50, 20, 10 ಎಂದು ಮಿತಿ ಇಳಿಯುತ್ತಾ 2023ರ ಆಗಸ್ಟ್‌ಗೆ 5 ಕೋಟಿಗೆ ಬಂತು. ಪೀಣ್ಯದ ಲೆಕ್ಕದಲ್ಲಿ 5 ಕೋಟಿ ಎಂದರೆ ದೊಡ್ಡ ಘಟಕವೇನಲ್ಲ. ಈ ವರ್ಷ ಕಡಿಮೆಯಾಗಿದ್ದರೂ, 2017-18ರಿಂದ ಈಚೆಗೆ ಯಾವುದಾದರೂ ಒಂದು ವರ್ಷ ಆ ಮಿತಿ ದಾಟಿದ್ದರೆ ನಿಯಮ ಅನ್ವಯ. ಇ-ಇನ್‌ವಾಯ್ಸ್‌ಗೆ ಪೋರ್ಟಲ್ ಕೊಡುವ ಐಆರ್‌ಎನ್ ಸಂಖ್ಯೆ ಒಮ್ಮೆ ಬಂದರೆ ರದ್ದು ಮಾಡಲು ಇರುವುದು 24 ಗಂಟೆ ಮಾತ್ರ. ಐಆರ್‌ಎನ್ ಇಲ್ಲದ ಬಿಲ್ಲನ್ನು ಕಾನೂನು ಬಿಲ್ಲೆಂದೇ ಒಪ್ಪುವುದಿಲ್ಲ. ಅದರ ಮೇಲೆ ಗಿರಾಕಿಗೆ ಇನ್‌ಪುಟ್ ತೆರಿಗೆ ಸಿಗದು, ಆದ್ದರಿಂದ ಗಿರಾಕಿ ಮಾಲನ್ನೇ ಇಳಿಸಿಕೊಳ್ಳುವುದಿಲ್ಲ.

ನೀವು ಮಾಡಬೇಕಾದ್ದು ಇಷ್ಟು: ಟ್ಯಾಲಿಯಲ್ಲಿ ಒಮ್ಮೆ ಬಿಲ್ ಮಾಡಿದರೆ ಉಳಿದೆಲ್ಲ ಕಡೆಗೂ ಅದೇ ಅಂಕಿ ಹೋಗಬೇಕು. ಇ-ಇನ್‌ವಾಯ್ಸ್, ಇ-ವೇ ಬಿಲ್ಲುಗಳನ್ನು ಟ್ಯಾಲಿ ತಾನೇ ಮಾಡಿಕೊಡುತ್ತದೆ; ಅದರಲ್ಲಿ ನಿಮಗೆ ಹೊಸ ವ್ಯಾಪಾರವಿಲ್ಲ, ಹೊಂದಿಸಿಕೊಡುವ ಚಾರ್ಜು ಅಷ್ಟೇ. ಎಎಸ್‌ಎನ್ ಮತ್ತು ಲೇಬಲ್ ಟ್ಯಾಲಿಗೆ ಗೊತ್ತಿಲ್ಲ, ಏಕೆಂದರೆ ಅವು ಗಿರಾಕಿಯಿಂದ ಗಿರಾಕಿಗೆ ಬೇರೆ. ನಿಮ್ಮ ಜಾಗ ಅದು. ಟ್ಯಾಲಿಯಿಂದ ಎಕ್ಸ್‌ಎಂಎಲ್ ಆಗಿಯೋ ಒಡಿಬಿಸಿ ಮೂಲಕವೋ ಮಾಹಿತಿ ಹೊರಗೆ ತೆಗೆಯಬಹುದು. ಟ್ಯಾಲಿಯದೇ ಪ್ರೋಗ್ರಾಂ ಭಾಷೆ ಟಿಡಿಎಲ್ ಗೊತ್ತಿದ್ದವರು ಟ್ಯಾಲಿಯ ಬಿಲ್ ಪರದೆಯಲ್ಲೇ ಪಿಒ ಸಾಲು, ಪೆಟ್ಟಿಗೆಗೆ ಎಷ್ಟು ಎಂಬ ಕಾಲಂ ಸೇರಿಸಬಹುದು. ಗಿರಾಕಿಯ ಪೋರ್ಟಲ್‌ಗೆ ಏರಿಸುವಾಗ ಒಂದು ಎಚ್ಚರಿಕೆ. ಮನುಷ್ಯನ ಹಾಗೆ ಲಾಗಿನ್ ಆಗಿ ತಾನೇ ಕ್ಲಿಕ್ ಮಾಡುವ ಬಾಟ್ ಬರೆಯಬೇಡಿ. ಪೋರ್ಟಲ್‌ನ ಪರದೆ ಬದಲಾದ ದಿನ ಅದು ಕೆಡುತ್ತದೆ, ಪೋರ್ಟಲ್‌ನ ನಿಯಮಕ್ಕೂ ವಿರುದ್ಧವಾಗಬಹುದು. ಅನೇಕ ಪೋರ್ಟಲ್‌ಗಳಲ್ಲಿ ಎಕ್ಸೆಲ್ ಅಥವಾ ಸಿಎಸ್‌ವಿ ಏರಿಸುವ ಅವಕಾಶ ಇರುತ್ತದೆ. ಅದನ್ನೇ ಬಳಸಿ.

ಲೇಬಲ್ ವಿಷಯ ಹೊರಗಿನಿಂದ ನೋಡಿದರೆ ತೀರಾ ಸಣ್ಣದು. ಒಳಗೆ ಹೋದರೆ ಅದೇ ಒಂದು ವಿದ್ಯೆ. ಎಣ್ಣೆ ಸವರಿದ ಬಿಡಿಭಾಗದ ಚೀಲಕ್ಕೆ ಸಾಧಾರಣ ಕಾಗದದ ಲೇಬಲ್ ಅಂಟಿಸಿದರೆ ಬಿಡದಿ ತಲುಪುವಷ್ಟರಲ್ಲಿ ಉದುರಿರುತ್ತದೆ. ವ್ಯಾಕ್ಸ್ ರಿಬ್ಬನ್‌ನ ಮುದ್ರಣ ಉಜ್ಜಿದರೆ ಅಳಿಸುತ್ತದೆ. ಅಲ್ಲಿಗೆ ರೆಸಿನ್ ರಿಬ್ಬನ್, ಪಾಲಿಯೆಸ್ಟರ್ ಲೇಬಲ್ ಬೇಕು. ಚಿಕ್ಕ ಕ್ಯೂಆರ್‌ನಲ್ಲಿ ಬಹಳ ಮಾಹಿತಿ ತುರುಕಿದ್ದರೆ 203 ಡಿಪಿಐ ಪ್ರಿಂಟರ್‌ನಿಂದ ಸ್ಕ್ಯಾನ್ ಆಗದೆ 300 ಡಿಪಿಐ ಕೊಳ್ಳಬೇಕಾಗುತ್ತದೆ. ಪ್ರಿಂಟರ್ ಜೀಬ್ರಾ ಆದರೆ ಝಡ್‌ಪಿಎಲ್, ಟಿಎಸ್‌ಸಿ ಆದರೆ ಟಿಎಸ್‌ಪಿಎಲ್ ಎಂದು ಭಾಷೆಯೂ ಬೇರೆ. ಈ ಜ್ಞಾನ ಒಂದು ಗಿರಾಕಿಯ ನಮೂನೆಗೆ ಒಮ್ಮೆ ಕೈಗೆ ಬಂದರೆ, ಅದೇ ಗಿರಾಕಿಗೆ ಮಾಲು ಕೊಡುವ ಉಳಿದ ವೆಂಡರ್‌ಗಳಿಗೆಲ್ಲ ಹೆಚ್ಚು ಶ್ರಮವಿಲ್ಲದೆ ಕೊಡಬಹುದು. ಇಡೀ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಉದ್ಯಮದ ಬಗೆ ನೋಡಿ ಗಿರಾಕಿ ಹುಡುಕಬೇಡಿ, ಒಂದೇ ದೊಡ್ಡ ಕಂಪನಿಯ ವೆಂಡರ್ ಪಟ್ಟಿ ಹಿಡಿದು ಹೊರಡಿ. ಬುಶ್ ಮಾಡುವವರು, ರಬ್ಬರ್ ಸೀಲ್ ಮಾಡುವವರು, ರಟ್ಟಿನ ಪೆಟ್ಟಿಗೆ ಮಾಡುವವರು ಒಬ್ಬರಿಗೊಬ್ಬರು ಸಂಬಂಧವಿಲ್ಲದವರು. ಆದರೆ ಅವರೆಲ್ಲ ಏರಿಸಬೇಕಾದ ಎಎಸ್‌ಎನ್‌ನ ನಮೂನೆ ಒಂದೇ.

ಲಾರಿ ಗೇಟು ದಾಟಿತು, ಮಾಲು ಇಳಿಯಿತು, ಮಾಲು ಬಂತೆಂಬ ದಾಖಲೆ, ಅಂದರೆ ಜಿಆರ್‌ಎನ್, ಆಯಿತು. ಇನ್ನು ದುಡ್ಡು. ಒಂದು ತಿಂಗಳ ಮೇಲೆ ಬ್ಯಾಂಕಿಗೆ ಒಂದು ಮೊತ್ತ ಬೀಳುತ್ತದೆ, ಬಿಲ್ಲುಗಳ ಮೊತ್ತಕ್ಕೆ ತಾಳೆಯಾಗುವುದಿಲ್ಲ. ಒಂದರಲ್ಲಿ ಹನ್ನೆರಡು ಪೀಸು ರಿಜೆಕ್ಟ್, ಇನ್ನೊಂದರಲ್ಲಿ ದರ ವ್ಯತ್ಯಾಸದ ಡೆಬಿಟ್ ನೋಟ್, ಮತ್ತೊಂದರಲ್ಲಿ ಟಿಡಿಎಸ್. ಪಟ್ಟಿ ಪೋರ್ಟಲ್‌ನಲ್ಲಿದೆ, ಕೂತು ತಾಳೆ ನೋಡುವವರಿಲ್ಲ. ವರ್ಷದ ಕೊನೆಗೆ ಆಡಿಟರ್ ಕೇಳಿದಾಗ ಹುಡುಕಾಟ. ಬಿಲ್, ಜಿಆರ್‌ಎನ್, ಡೆಬಿಟ್ ನೋಟ್, ಬ್ಯಾಂಕ್ ಜಮೆ ನಾಲ್ಕನ್ನೂ ಎದುರು ಬದುರು ಇಟ್ಟು, ಬಾಕಿ ಉಳಿದದ್ದನ್ನು ಪ್ರತಿ ಸೋಮವಾರ ಮಾಲೀಕರ ಮೊಬೈಲ್‌ಗೆ ಕಳಿಸುವ ವ್ಯವಸ್ಥೆ ಕಟ್ಟಿಕೊಟ್ಟರೆ, ಅದು ತನ್ನ ಖರ್ಚನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ನನ್ನ ಮಟ್ಟಿಗೆ ಇದು ಸಣ್ಣ ಐಟಿ ಸಂಸ್ಥೆ ಮಾರಬಹುದಾದ ಅತ್ಯುತ್ತಮ ಸರಕು. ಲೇಬಲ್ ಮಾಡಿಕೊಟ್ಟರೆ ಮಾಲೀಕರು ಖರ್ಚು ಎನ್ನುತ್ತಾರೆ, ಬಾಕಿ ದುಡ್ಡು ಹುಡುಕಿಕೊಟ್ಟರೆ ಹಾಗೆನ್ನುವುದಿಲ್ಲ.

ಮೂರನೇ ಸಾಲಿನವರ ಜೊತೆಗಿನ ಲೆಕ್ಕ ಇನ್ನೂ ಗೋಜಲು. ಪ್ಲೇಟಿಂಗ್‌ಗೆ ಕಳಿಸಿದ ಸಾವಿರ ಪೀಸಿನಲ್ಲಿ ಎಷ್ಟು ವಾಪಸು ಬಂತು, ಎಷ್ಟು ಅಲ್ಲೇ ಉಳಿದಿದೆ, ಎಷ್ಟು ಸ್ಕ್ರಾಪ್ ಆಯಿತು? ಜಾಬ್ ವರ್ಕ್‌ಗೆ ಹೋದ ಮಾಲು ಒಂದು ವರ್ಷದೊಳಗೆ ವಾಪಸು ಬಾರದಿದ್ದರೆ ಜಿಎಸ್‌ಟಿ ಕಾಯ್ದೆ ಅದನ್ನು ಕಳಿಸಿದ ದಿನವೇ ಮಾರಿದಂತೆ ಎಣಿಸುತ್ತದೆ. ಐಟಿಸಿ-04 ನಮೂನೆಯಲ್ಲಿ ಇದರ ವಿವರ ಕೊಡಬೇಕು. ಬಹುತೇಕ ಕಡೆ ಈ ಲೆಕ್ಕ ಇರುವುದು ಡೆಲಿವರಿ ಚಲನ್ ಪುಸ್ತಕದ ಕಾರ್ಬನ್ ಪ್ರತಿಯಲ್ಲಿ. ಒಂದು ಮೊಬೈಲ್ ಆ್ಯಪ್, ಚಲನ್‌ನ ಮೇಲೊಂದು ಕ್ಯೂಆರ್, ಅಷ್ಟರಲ್ಲಿ ಇದು ಮುಗಿಯುತ್ತದೆ.

ಫೌಂಡ್ರಿಯಲ್ಲಿ ಬೇರೆ, ಕಾಫಿಯಲ್ಲಿ ಬೇರೆ

ಎಲ್ಲ ಊರಿಗೂ ಇದೇ ಪಟ್ಟಿ ಒಪ್ಪುವುದಿಲ್ಲ. ಬೆಳಗಾವಿ, ಶಿವಮೊಗ್ಗದ ಫೌಂಡ್ರಿಗಳಲ್ಲಿ ಗಿರಾಕಿ ಮೊದಲು ಕೇಳುವುದು ಹೀಟ್ ನಂಬರ್. ಈ ಎರಕ ಯಾವ ಕುಲುಮೆಯ ಯಾವ ಸುತ್ತಿನ ಲೋಹದಿಂದ ಬಂತು, ಆ ಲೋಹದ ರಾಸಾಯನಿಕ ಪರೀಕ್ಷೆಯ ಅಂಕಿ ಏನು, ಗಡಸುತನ ಎಷ್ಟು. ಸ್ಪೆಕ್ಟ್ರೋಮೀಟರ್ ಕೊಟ್ಟ ಅಂಕಿಯನ್ನು ಕೈಯಲ್ಲಿ ಬರೆದುಕೊಂಡು, ಆಮೇಲೆ ವರ್ಡ್‌ನಲ್ಲಿ ಟೆಸ್ಟ್ ಸರ್ಟಿಫಿಕೇಟ್ ತಯಾರಿಸುವ ಪದ್ಧತಿ ಈಗಲೂ ಇದೆ. ವಾಹನ ಉದ್ಯಮದ ಗುಣಮಟ್ಟದ ಮಾನದಂಡ ಐಎಟಿಎಫ್ 16949ರಡಿ ಇದನ್ನೆಲ್ಲ ಹಿಂದಕ್ಕೆ ಹುಡುಕಿ ತೋರಿಸಲು ಬರಬೇಕು. ಬೆಳಗಾವಿ ಬಳಿಯ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗಗಳ ಕೈಗಾರಿಕಾ ವಲಯವಿದೆ. ಆ ಉದ್ಯಮದಲ್ಲಿ ಈ ದಾಖಲೆಯ ಬಿಗಿ ಇನ್ನೂ ಹೆಚ್ಚು. ಯುರೋಪಿಗೆ ಹೋಗುವ ಕೆಲವು ಕಬ್ಬಿಣ, ಉಕ್ಕು, ಅಲ್ಯೂಮಿನಿಯಂ ಸರಕುಗಳಿಗೆ 2023ರ ಅಕ್ಟೋಬರ್‌ನಿಂದ ಇಂಗಾಲದ ಲೆಕ್ಕವನ್ನೂ ಕೊಡಬೇಕಾಗಿ ಬಂದಿದೆ. ಕುಲುಮೆಗೆ ಹೋದ ಕರೆಂಟಿನ ಯೂನಿಟ್ಟು, ಸ್ಕ್ರಾಪ್ ಎಷ್ಟು, ಪಿಗ್ ಐರನ್ ಎಷ್ಟು ಎಂಬುದನ್ನು ದಿನಾ ಬರೆದಿಟ್ಟಿದ್ದರೆ ಮಾತ್ರ ಈ ಲೆಕ್ಕ ಬರುತ್ತದೆ. ಮೀಟರ್‌ಗೊಂದು ಸಣ್ಣ ಸಾಧನ ಜೋಡಿಸಿ ಯೂನಿಟ್ಟನ್ನು ತಾನೇ ದಾಖಲಿಸುವಂತೆ ಮಾಡುವುದು ಎಂಜಿನಿಯರಿಂಗ್ ಕಾಲೇಜಿನ ಪ್ರಾಜೆಕ್ಟ್ ಮಟ್ಟದ ಕೆಲಸ. ಅದನ್ನು ಮಳೆ, ಧೂಳು, ವೋಲ್ಟೇಜ್ ಏರಿಳಿತದ ನಡುವೆ ವರ್ಷವಿಡೀ ಓಡಿಸುವುದೇ ಉದ್ಯಮ.

ಮಲೆನಾಡಿನಲ್ಲಿ ಸರಕೇ ಬೇರೆ. ದೇಶದ ಕಾಫಿಯಲ್ಲಿ ಸುಮಾರು ಶೇ 70 ಕರ್ನಾಟಕದ್ದು. ಅದರ ದೊಡ್ಡ ಪಾಲು ಹೊರದೇಶಕ್ಕೆ, ಅದರಲ್ಲೂ ಯುರೋಪಿಗೆ ಹೋಗುತ್ತದೆ. ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ, ಕೋಕೊ, ರಬ್ಬರ್ ಮುಂತಾದವನ್ನು ಕೊಳ್ಳುವುದಿಲ್ಲವೆಂದು ಯುರೋಪಿಯನ್ ಒಕ್ಕೂಟ 2023ರಲ್ಲಿ ಕಾನೂನು ಮಾಡಿತು. 2020ರ ಡಿಸೆಂಬರ್ 31ರ ನಂತರ ಅರಣ್ಯ ನಾಶವಾದ ಜಾಗ ಇದಲ್ಲ ಎಂದು ತೋರಿಸಲು ತೋಟದ ಅಕ್ಷಾಂಶ ರೇಖಾಂಶ ಕೊಡಬೇಕು. 4 ಹೆಕ್ಟೇರ್‌ಗಿಂತ ದೊಡ್ಡ ತೋಟವಾದರೆ, ಅಂದರೆ ಹೆಚ್ಚು ಕಡಿಮೆ ಹತ್ತು ಎಕರೆ ದಾಟಿದರೆ, ಗಡಿಯ ಪೂರ್ತಿ ನಕ್ಷೆ. ಜಾರಿಯ ದಿನಾಂಕ ಮುಂದೆ ಮುಂದೆ ಹೋಗಿದ್ದರಿಂದ ಬೆಳೆಗಾರರು ಉಸಿರು ಬಿಟ್ಟಿದ್ದಾರೆ, ಆದರೆ ಖರೀದಿಸುವ ಕಂಪನಿಗಳು ಕೇಳುವುದನ್ನು ಬಿಟ್ಟಿಲ್ಲ.

ಇಲ್ಲಿ ಹೊರಗಿನ ಸಾಫ್ಟ್‌ವೇರ್ ಕಂಪನಿಗಿಂತ ಮಡಿಕೇರಿಯಲ್ಲೋ ಮೂಡಿಗೆರೆಯಲ್ಲೋ ಇರುವ ನಾಲ್ವರ ತಂಡಕ್ಕೆ ಹೆಚ್ಚು ಬೆಲೆ. ಮೊಬೈಲ್ ಹಿಡಿದು ಗಡಿ ಸುತ್ತುವ ಕೆಲಸ ಯಾರಾದರೂ ಮಾಡಿಯಾರು. ಪಹಣಿಯಲ್ಲಿ ಅಜ್ಜನ ಹೆಸರಿದೆ, ತೋಟ ಮೂವರು ಮೊಮ್ಮಕ್ಕಳ ನಡುವೆ ಬಾಯಿಮಾತಿನಲ್ಲಿ ಪಾಲಾಗಿದೆ, ಕೊಡಗಿನ ಜಮ್ಮಾ ಹಿಡುವಳಿಯಲ್ಲಿ ಒಂದೇ ದಾಖಲೆಯಲ್ಲಿ ಇಡೀ ಕುಟುಂಬದ ಹೆಸರುಗಳಿವೆ ಎಂಬುದನ್ನು ಅರ್ಥ ಮಾಡಿಕೊಂಡು ದಾಖಲಿಸಲು ಊರಿನವರೇ ಬೇಕು. ಜೊತೆಗೆ, ನೆರಳಿನ ಮರಗಳ ಕೆಳಗಿನ ನಮ್ಮ ತೋಟ ಉಪಗ್ರಹದ ಚಿತ್ರದಲ್ಲಿ ಕಾಡಿನಂತೆಯೇ ಕಾಣಬಹುದು. ಒಣಗಿದ ಸಿಲ್ವರ್ ಓಕ್ ಕಡಿದದ್ದನ್ನು ಕಂಪ್ಯೂಟರು ಅರಣ್ಯ ನಾಶ ಎಂದರೆ, ಅಲ್ಲವೆಂದು ತೋರಿಸಲು ದಿನಾಂಕವಿರುವ ಫೋಟೊ, ತೋಟದ ಹಳೆಯ ದಾಖಲೆ ಜೋಡಿಸಿಟ್ಟವರು ಬೇಕು. ಕಾಫಿ ಮಂಡಳಿಯ ನೋಂದಣಿ ವ್ಯವಸ್ಥೆ ಏನೇನು ಕೇಳುತ್ತದೆ ಎಂದು ಮೊದಲು ನೋಡಿಕೊಂಡು, ಅದಕ್ಕೆ ಹೊಂದುವ ಹಾಗೆಯೇ ಮಾಹಿತಿ ಸಂಗ್ರಹಿಸಿ. ಇಲ್ಲದಿದ್ದರೆ ಬೆಳೆಗಾರರು ಎರಡು ಸಲ ತೋಟ ಸುತ್ತಬೇಕಾಗುತ್ತದೆ. ದುಡ್ಡನ್ನು ಬೆಳೆಗಾರರಿಂದ ಕೇಳಬೇಡಿ. ಕೊಡಬೇಕಾದವರು ಕ್ಯೂರಿಂಗ್ ವರ್ಕ್ಸ್‌ನವರು ಮತ್ತು ರಫ್ತುದಾರರು, ಏಕೆಂದರೆ ಈ ಕಾಗದವಿಲ್ಲದೆ ಸರಕು ಸಾಗಿಸಲಾಗದವರು ಅವರು.

ಔಷಧಿಯಲ್ಲೂ ಹೀಗೇ ಒಂದು ಬಾಗಿಲು ತೆರೆಯಿತು: 2023ರ ಆಗಸ್ಟ್‌ನಿಂದ ದೇಶದ 300 ಪ್ರಮುಖ ಔಷಧ ಬ್ರ್ಯಾಂಡ್‌ಗಳ ಮೇಲೆ ಕ್ಯೂಆರ್ ಅಥವಾ ಬಾರ್‌ಕೋಡ್ ಕಡ್ಡಾಯ. ಪಟ್ಟಿಯಲ್ಲಿರುವ ಮಾತ್ರೆಯನ್ನು ನಿಮ್ಮ ಊರಿನ ಘಟಕ ಯಾರಿಗಾದರೂ ಮಾಡಿಕೊಡುತ್ತಿದ್ದರೆ ವಿಚಾರಿಸಿ ನೋಡಿ.

ಸಣ್ಣ ಕಂಪ್ಯೂಟರು ನಿಂತರೆ

2022ರ ಫೆಬ್ರವರಿ ಕೊನೆಯಲ್ಲಿ ಜಪಾನಿನ ಕೊಜಿಮಾ ಇಂಡಸ್ಟ್ರೀಸ್ ಎಂಬ ಪ್ಲಾಸ್ಟಿಕ್ ಬಿಡಿಭಾಗಗಳ ಕಂಪನಿಯ ಕಂಪ್ಯೂಟರುಗಳಿಗೆ ಹ್ಯಾಕರ್‌ಗಳು ನುಗ್ಗಿದರು. ಅದು ಟೊಯೋಟಾದ ವೆಂಡರ್. ಆರ್ಡರ್ ವ್ಯವಸ್ಥೆ ನಿಂತದ್ದರಿಂದ ಮಾರ್ಚ್ 1ರಂದು ಟೊಯೋಟಾ ಜಪಾನಿನಲ್ಲಿನ ತನ್ನ 14 ಕಾರ್ಖಾನೆಗಳ 28 ಲೈನ್‌ಗಳನ್ನೂ ನಿಲ್ಲಿಸಬೇಕಾಯಿತು. ಒಂದೇ ದಿನದಲ್ಲಿ ಸುಮಾರು 13 ಸಾವಿರ ವಾಹನಗಳ ಉತ್ಪಾದನೆ ಹೋಯಿತು. ಹ್ಯಾಕರ್‌ಗಳು ಒಳಬಂದದ್ದು ಕೊಜಿಮಾದ ಒಂದು ಅಂಗಸಂಸ್ಥೆಯಲ್ಲಿ ದೂರದಿಂದ ಸಂಪರ್ಕಿಸಲು ಇಟ್ಟಿದ್ದ ಉಪಕರಣದ ಮೂಲಕ.

ಇಂಥ ಘಟನೆಗಳ ಮೇಲೆ ದೊಡ್ಡ ಕಂಪನಿಗಳು ವೆಂಡರ್‌ಗಳಿಗೆ ಸೈಬರ್ ಭದ್ರತೆಯ ಪ್ರಶ್ನಾವಳಿ ಕಳಿಸುವುದು ಮಾಮೂಲಾಗಿದೆ. ಜರ್ಮನ್ ವಾಹನ ಕಂಪನಿಗಳಿಗೆ ಮಾಲು ಕೊಡುವವರಿಗೆ ಟಿಸಾಕ್ಸ್ ಎಂಬ ಪ್ರತ್ಯೇಕ ತಪಾಸಣೆಯೇ ಇದೆ. ಪ್ರಶ್ನಾವಳಿ ಇಂಗ್ಲಿಷಿನಲ್ಲಿ ಎಕ್ಸೆಲ್ ಹಾಳೆಗಳಲ್ಲಿ ಬರುತ್ತದೆ: ಬ್ಯಾಕಪ್ ಎಲ್ಲಿದೆ, ಕೆಲಸ ಬಿಟ್ಟವರ ಲಾಗಿನ್ ತೆಗೆದಿದ್ದೀರಾ, ನಮ್ಮ ಡ್ರಾಯಿಂಗ್ ಯಾರ್‍ಯಾರ ಕಂಪ್ಯೂಟರ್‌ನಲ್ಲಿದೆ. ಅಕೌಂಟ್ಸ್‌ನವರು ಎಲ್ಲಕ್ಕೂ "ಯೆಸ್" ಎಂದು ಬರೆದು ಕಳಿಸಿಬಿಡುತ್ತಾರೆ. ತಪಾಸಣೆಗೆ ಬಂದ ದಿನ ಬ್ಯಾಕಪ್ ಎಂದರೆ ಡ್ರಾಯರ್‌ನಲ್ಲಿರುವ ಪೆನ್‌ಡ್ರೈವ್ ಎಂದು ಗೊತ್ತಾಗುತ್ತದೆ.

ಇಲ್ಲಿ ನೀವು ಮಾರಬೇಕಾದದ್ದು ದುಬಾರಿ ಫೈರ್‌ವಾಲ್ ಅಲ್ಲ. ಸಿಎನ್‌ಸಿ ಯಂತ್ರಗಳ ನೆಟ್‌ವರ್ಕನ್ನು ಆಫೀಸಿನ ನೆಟ್‌ವರ್ಕಿನಿಂದ ಬೇರೆ ಮಾಡುವುದು, ದೂರದಿಂದ ರಿಪೇರಿ ಮಾಡಲು ಹಿಂದೊಮ್ಮೆ ಹಾಕಿ ಮರೆತ ರಿಮೋಟ್ ಸಾಫ್ಟ್‌ವೇರುಗಳನ್ನು ಕಿತ್ತುಹಾಕುವುದು, ಟ್ಯಾಲಿಯ ಬ್ಯಾಕಪ್ ಒಂದು ಪ್ರತಿ ಶೆಡ್ಡಿನ ಹೊರಗಿರುವಂತೆ ನೋಡಿಕೊಳ್ಳುವುದು, ತಿಂಗಳಿಗೊಮ್ಮೆ ಅದನ್ನು ನಿಜವಾಗಿ ತೆರೆದು ನೋಡುವುದು. ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್ 2022ರಲ್ಲಿ ಹೊರಡಿಸಿದ ಸೂಚನೆಯಂತೆ ಹ್ಯಾಕ್ ಆದ ವಿಷಯ ತಿಳಿದ 6 ಗಂಟೆಯೊಳಗೆ ವರದಿ ಮಾಡಬೇಕು. ಯಾರಿಗೆ, ಹೇಗೆ ಎಂಬ ಒಂದು ಪುಟದ ಕಾಗದವನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿಕೊಡಿ.

ನಿಮ್ಮದೇ ಶಿಸ್ತಿನ ಮಾತೂ ಇಲ್ಲೇ ಬರುತ್ತದೆ. ಗಿರಾಕಿಯ ಡಿಜಿಟಲ್ ಸಹಿಯ ಟೋಕನ್ ನಿಮ್ಮ ಬ್ಯಾಗಿನಲ್ಲಿ ಇರಕೂಡದು. ಪೋರ್ಟಲ್ ಪಾಸ್‌ವರ್ಡ್ ನಿಮ್ಮ ಹುಡುಗರ ವಾಟ್ಸ್‌ಆ್ಯಪ್‌ನಲ್ಲಿ ಇರಕೂಡದು. 2025ರ ಏಪ್ರಿಲ್‌ನಿಂದ ಇ-ವೇ ಬಿಲ್, ಇ-ಇನ್‌ವಾಯ್ಸ್ ಪೋರ್ಟಲ್‌ಗಳಿಗೆ ಎಲ್ಲರೂ ಒಟಿಪಿ ಕೊಟ್ಟೇ ಹೋಗಬೇಕು. ಒಟಿಪಿ ಮಾಲೀಕರ ಮೊಬೈಲ್‌ಗೆ ಹೋಗುತ್ತದೆ, ಮಾಲೀಕರು ಧರ್ಮಸ್ಥಳದಲ್ಲಿರುತ್ತಾರೆ, ಲಾರಿ ಶೆಡ್ಡಿನ ಮುಂದೆ ಹಾರ್ನ್ ಹೊಡೆಯುತ್ತಿರುತ್ತದೆ. ಡಿಸ್ಪ್ಯಾಚ್‌ನವರ ಸ್ವಂತ ಮೊಬೈಲ್ ಸಂಖ್ಯೆಗೆ ಉಪ-ಬಳಕೆದಾರರ ಖಾತೆ ಮಾಡಿಕೊಡುವ ಅವಕಾಶ ಪೋರ್ಟಲ್‌ನಲ್ಲೇ ಇದೆ. ಮೊದಲ ಭೇಟಿಯಲ್ಲಿ ಇದೊಂದನ್ನು ಉಚಿತವಾಗಿ ಮಾಡಿಕೊಡಿ, ಎರಡನೇ ಭೇಟಿಗೆ ಅವರೇ ಕರೆಯುತ್ತಾರೆ.

ಬಾಗಿಲು ತಟ್ಟುವುದು ಹೇಗೆ

ಮಾಲೀಕರ ಕ್ಯಾಬಿನ್‌ಗಿಂತ ಮೊದಲು ಡಿಸ್ಪ್ಯಾಚ್ ಮೇಜಿಗೆ ಹೋಗಿ. "ಕಳೆದ ತಿಂಗಳು ಎಷ್ಟು ಸಲ ಲಾರಿ ಗೇಟಿನಲ್ಲಿ ನಿಂತಿತು ಸರ್?" ಎಂದು ಕೇಳಿದರೆ ಅಲ್ಲಿನವರು ಹೇಳುವಷ್ಟು ವಿವರ ಯಾವ ಮಾರುಕಟ್ಟೆ ಸಮೀಕ್ಷೆಯಲ್ಲೂ ಇರುವುದಿಲ್ಲ. ಪರಿಚಯ ಮಾಡಿಸುವವರು ಮೂರು ಬಗೆ: ಆಡಿಟರ್‌ಗಳು, ಟ್ಯಾಲಿ ಮಾರುವ ಪಾಲುದಾರರು, ಕೈಗಾರಿಕಾ ಸಂಘಗಳು. ಪೀಣ್ಯ ಕೈಗಾರಿಕಾ ಸಂಘ, ಸಣ್ಣ ಕೈಗಾರಿಕೆಗಳ ಸಂಘ ಕಾಸಿಯಾ, ಹುಬ್ಬಳ್ಳಿಯ ವಾಣಿಜ್ಯೋದ್ಯಮ ಸಂಸ್ಥೆ ಇಂಥವುಗಳಲ್ಲಿ ಇ-ಇನ್‌ವಾಯ್ಸ್ ಬಗ್ಗೆ ಒಂದು ಗಂಟೆಯ ತರಗತಿ ತೆಗೆದುಕೊಳ್ಳುತ್ತೇನೆಂದು ಕೇಳಿ ನೋಡಿ. ಉಪನ್ಯಾಸ ಬೇಡ, ಒಂದು ಲೇಬಲ್ ಪ್ರಿಂಟರ್ ತೆಗೆದುಕೊಂಡು ಹೋಗಿ.

ತಂಡದಲ್ಲಿ ಕೋಡ್ ಬರೆಯುವವರು ಇಬ್ಬರಿದ್ದರೆ ಶಾಪ್ ಫ್ಲೋರ್ ಗೊತ್ತಿರುವವರು ಒಬ್ಬರಾದರೂ ಇರಲಿ. ಜಿಟಿಟಿಸಿಯಲ್ಲೋ ಎನ್‌ಟಿಟಿಎಫ್‌ನಲ್ಲೋ ಡಿಪ್ಲೊಮಾ ಮಾಡಿ ಎರಡು ವರ್ಷ ಕ್ವಾಲಿಟಿಯಲ್ಲಿ ಕೆಲಸ ಮಾಡಿದವರಿಗೆ ಹೊಸ ಬಿಡಿಭಾಗಕ್ಕೆ ಗಿರಾಕಿಯ ಒಪ್ಪಿಗೆ ಪಡೆಯುವ ಪಿಪಿಎಪಿ ಎಂದರೇನು, ರಿಜೆಕ್ಷನ್ ಹೇಗೆ ಬರುತ್ತದೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ಯಂತ್ರಗಳಿಂದ ಮಾಹಿತಿ ತೆಗೆಯುವ ಕೆಲಸಕ್ಕೆ ಕೈ ಹಾಕುವವರು ತುಮಕೂರು ರಸ್ತೆಯ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ ಸಿಎಂಟಿಐಗೆ ಒಮ್ಮೆ ಹೋಗಿ ಬನ್ನಿ. ಕಾರ್ಖಾನೆಗಳ ಡಿಜಿಟಲೀಕರಣಕ್ಕೆಂದೇ ಕೇಂದ್ರ ಸರ್ಕಾರ ನೆರವು ಕೊಟ್ಟ ಕೇಂದ್ರ ಅಲ್ಲಿದೆ. ಎಚ್‌ಎಎಲ್, ಬಿಇಎಲ್, ಬಿಇಎಂಎಲ್‌ಗಳಂಥ ಸಾರ್ವಜನಿಕ ಉದ್ಯಮಗಳು ಖರೀದಿಯ ಶೇ 25ರಷ್ಟನ್ನು ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಂದ ಮಾಡಬೇಕೆಂಬ ನಿಯಮವಿದೆ. ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಿ, ಆದರೆ ಅದನ್ನೇ ನೆಚ್ಚಿ ಕೂರಬೇಡಿ.

ದರದ ಬಗ್ಗೆ ನನ್ನದು ಖಚಿತ ಅಭಿಪ್ರಾಯ. ಸಾಫ್ಟ್‌ವೇರನ್ನು ಒಂದೇ ಗಂಟಿಗೆ ಮಾರಬೇಡಿ. ಆರಂಭದ ಮೊತ್ತ ಚಿಕ್ಕದಿರಲಿ, ತಿಂಗಳ ಶುಲ್ಕ ಅಥವಾ ವರ್ಷದ ಎಎಂಸಿ ಗಟ್ಟಿಯಾಗಿರಲಿ, ಅದನ್ನೂ ಮುಂಗಡವಾಗಿ ತೆಗೆದುಕೊಳ್ಳಿ. ನಿಮ್ಮ ಗಿರಾಕಿಯ ದುಡ್ಡು ಅವರ ಗಿರಾಕಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಮೇಲಿನ ನಾಲೆಯಲ್ಲಿ ನೀರು ನಿಂತರೆ ಮೊದಲು ಒಣಗುವುದು ಕೊನೆಯ ಗದ್ದೆ.

ಆದ್ದರಿಂದ ಉದ್ಯಮ್ ನೋಂದಣಿಯನ್ನು ಮೊದಲ ಬಿಲ್ ಬರೆಯುವ ಮುನ್ನವೇ ಮಾಡಿಸಿ. ಅದು ಉಚಿತ. ಆಮೇಲೆ ಮಾಡಿಸಿದರೆ ಹಳೆಯ ಬಿಲ್ಲುಗಳಿಗೆ ಕಾನೂನಿನ ರಕ್ಷಣೆ ಸಿಗುವುದು ಕಷ್ಟ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಅತಿಸಣ್ಣ, ಸಣ್ಣ ಉದ್ಯಮಕ್ಕೆ ಕೊಡಬೇಕಾದ ದುಡ್ಡನ್ನು ಲಿಖಿತ ಒಪ್ಪಂದವಿದ್ದರೂ ಹೆಚ್ಚೆಂದರೆ 45 ದಿನದಲ್ಲಿ, ಒಪ್ಪಂದವಿಲ್ಲದಿದ್ದರೆ 15 ದಿನದಲ್ಲಿ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಬಡ್ಡಿಗಾಗಿ ಗಿರಾಕಿಯ ಮೇಲೆ ದೂರು ಕೊಡುವ ಸಣ್ಣ ಉದ್ಯಮಿ ಅಪರೂಪ, ಸರಿ. ಆದರೆ 43ಬಿ(ಎಚ್) ಎಂದೇ ಎಲ್ಲರ ಬಾಯಲ್ಲಿರುವ ಆದಾಯ ತೆರಿಗೆ ನಿಯಮ 2023-24ರಿಂದ ಬಂದ ಮೇಲೆ ಮಾತು ಬದಲಾಗಿದೆ: ಗಡುವಿನೊಳಗೆ ಕೊಡದ ಬಾಕಿಯನ್ನು ಕೊಳ್ಳುವವರು ಆ ವರ್ಷದ ಖರ್ಚಾಗಿ ತೋರಿಸುವಂತಿಲ್ಲ, ಕೊಟ್ಟ ವರ್ಷವೇ ತೋರಿಸಬೇಕು. ಮಾರ್ಚ್ ಎರಡನೇ ವಾರದಲ್ಲಿ ನಿಮ್ಮ ಬಾಕಿ ಪಟ್ಟಿಯನ್ನು ಗಿರಾಕಿಯ ಆಡಿಟರ್‌ಗೆ ಒಂದು ಪ್ರತಿ ಕಳಿಸಿ. ಬೇರೆ ಯಾವ ನೆನಪೋಲೆಗಿಂತಲೂ ಇದು ಚೆನ್ನಾಗಿ ಕೆಲಸ ಮಾಡುತ್ತದೆ.

ಇನ್ನೊಂದು ದಾರಿ ಟ್ರೆಡ್ಸ್. ದೊಡ್ಡ ಕಂಪನಿ ಒಪ್ಪಿದ ಬಿಲ್ಲನ್ನು ಬ್ಯಾಂಕುಗಳು ಹರಾಜಿನಲ್ಲಿ ಕೊಂಡು ವೆಂಡರ್‌ಗೆ ತಕ್ಷಣ ದುಡ್ಡು ಕೊಡುವ ವೇದಿಕೆ ಇದು. ಆರ್‌ಎಕ್ಸ್‌ಐಎಲ್, ಎಂ1ಎಕ್ಸ್‌ಚೇಂಜ್, ಇನ್‌ವಾಯ್ಸ್‌ಮಾರ್ಟ್ ಇದನ್ನು ನಡೆಸುವ ಸಂಸ್ಥೆಗಳಲ್ಲಿ ಕೆಲವು. 250 ಕೋಟಿಗೂ ಹೆಚ್ಚು ವಹಿವಾಟಿನ ಕಂಪನಿಗಳು 2025ರ ಮಾರ್ಚ್ ಒಳಗೆ ಇದಕ್ಕೆ ಸೇರಬೇಕೆಂದು ಕೇಂದ್ರ ಸರ್ಕಾರ ಆದೇಶಿಸಿತ್ತು. ನಿಮ್ಮ ಗಿರಾಕಿಯನ್ನು ಅದಕ್ಕೆ ಸೇರಿಸಿ, ಬಿಲ್ ಏರಿಸುವುದನ್ನು ಕಲಿಸಿಕೊಡುವುದೂ ಒಂದು ಸೇವೆಯೇ. ಅವರ ಕೈಯಲ್ಲಿ ದುಡ್ಡು ಆಡಿದರೆ ನಿಮ್ಮ ಎಎಂಸಿ ಸಲೀಸು.

ಒಂದೇ ಕಂಪನಿಯ ವೆಂಡರ್ ಪಟ್ಟಿ ಹಿಡಿದು ಹೊರಡಿ ಎಂದೆ. ಅದರಲ್ಲಿರುವ ಅಪಾಯವನ್ನೂ ಹೇಳಬೇಕು. ನರಸಾಪುರದ ಐಫೋನ್ ಕಾರ್ಖಾನೆ 2023ರಲ್ಲಿ ವಿಸ್ಟ್ರಾನ್‌ನಿಂದ ಟಾಟಾಗೆ ಹೋಯಿತು. ಹೀಗೆ ಕೈ ಬದಲಾದಾಗ ವೆಂಡರ್ ಕೋಡು, ಪೋರ್ಟಲ್, ಲೇಬಲ್ ನಮೂನೆ ಎಲ್ಲವೂ ಬದಲಾಗಬಹುದು. ಮಾದರಿ ನಿಂತರೆ ಆ ಬಿಡಿಭಾಗದ ಆರ್ಡರೂ ನಿಲ್ಲುತ್ತದೆ. ಮೊದಲ ಕಂಪನಿಯ ಹತ್ತು ಹದಿನೈದು ವೆಂಡರ್‌ಗಳು ಸಿಕ್ಕ ಕೂಡಲೇ ಎರಡನೇ ಕಂಪನಿಯ ನಮೂನೆ ಕಲಿಯಲು ಶುರು ಮಾಡಿ. ಇದು ಅಂದುಕೊಂಡಷ್ಟು ಕಷ್ಟವಲ್ಲ, ಏಕೆಂದರೆ ನಿಮ್ಮ ಗಿರಾಕಿಗಳಲ್ಲೇ ಹಲವರು ಆ ಎರಡನೇ ಕಂಪನಿಗೂ ಮಾಲು ಕೊಡುತ್ತಿರುತ್ತಾರೆ. ಜೊತೆಗೆ ಒಪ್ಪಂದದಲ್ಲಿ ಒಂದು ಸಾಲು ಮೊದಲೇ ಇರಲಿ: ಗಿರಾಕಿಯ ಗಿರಾಕಿ ತನ್ನ ಪೋರ್ಟಲ್ ಅಥವಾ ಲೇಬಲ್ ನಮೂನೆ ಬದಲಿಸಿದರೆ ಅದು ಎಎಂಸಿಯೊಳಗೆ ಬರುವುದಿಲ್ಲ, ಹೊಸ ಕೆಲಸವಾಗಿ ಬೇರೆ ದರ. ಈ ಸಾಲಿಲ್ಲದೆ ಸಹಿ ಮಾಡಿದವರು ಪ್ರತಿ ಬದಲಾವಣೆಯನ್ನೂ ಪುಕ್ಕಟೆ ಮಾಡಿಕೊಡಬೇಕಾಗುತ್ತದೆ, ಅದೂ ಸಂಜೆ ಲಾರಿ ಹೊರಡುವ ಮೊದಲು.